ಹೆಸರಿಲ್ಲದ ಬಾಟಲಿ

ನಾಯಿಯ ಹಿಂಗಾಲು ನಡುಗುತ್ತಿದ್ದುದನ್ನು ಮೊದಲು ಕಂಡವಳು ಹೆಂಡತಿ. ಮೈಗೆ ಔಷಧಿ ಉಜ್ಜಿ ಅದನ್ನು ಹಿತ್ತಲ ಬಿಸಿಲಿಗೆ ಬಿಟ್ಟು ಇನ್ನೂ ಒಂದು ಗಂಟೆಯಾಗಿರಲಿಲ್ಲ.

"ರೀ, ದೊರೆಗೆ ಚಳಿ ಆಗ್ತಿರೋ ಹಾಗಿದೆ. ಬನ್ನಿ ಇಲ್ಲಿ."

"ಈ ಬಿಸಿಲಲ್ಲಿ ಎಂಥಾ ಚಳಿಯೇ? ದೊರೆಗಳಿಗೆ ನಾಟಕ ಬೇರೆ ಕಲಿಸಬೇಕಾ?" ಎನ್ನುತ್ತ ಹೊರಬಂದವನ ನಗು ಹೊಸ್ತಿಲಲ್ಲೇ ನಿಂತಿತು. ನಾಯಿಯ ಬಾಯಿಂದ ಜೊಲ್ಲು ದಾರದಂತೆ ಇಳಿದು ಕಲ್ಲುಹಾಸಿನ ಮೇಲೆ ಹರಡಿತ್ತು. ತುಟಿ ಅದುರುತ್ತಿತ್ತು. "ದೊರೆ" ಎಂದು ಕರೆದರೆ ಬಾಲ ಅಲ್ಲಾಡಿಸಲು ಹೋಗಿ, ಬಾಲದ ಜೊತೆ ಮೈಯೆಲ್ಲ ಅಲುಗಿ, ಪಕ್ಕಕ್ಕೆ ಉರುಳಿತು.

ಮನೆ, ಗೋದಾಮು, ಹಾಸ್ಟೆಲುಗಳಿಗೆ ಕ್ರಿಮಿನಾಶಕ ಹೊಡೆಯುವ ಕೆಲಸದಲ್ಲಿ ಅವನಿಗೆ ಹದಿನೆಂಟು ವರ್ಷ ಸಂದಿದ್ದವು. ಅಂಗಾತ ಬಿದ್ದ ಜಿರಲೆ ಕಾಲು ನಡುಗಿಸುವುದನ್ನು ಅವನಷ್ಟು ಸಲ ನೋಡಿದವರು ಕಡಿಮೆ. ಈ ನಡುಕ ಅವನಿಗೆ ಗೊತ್ತಿತ್ತು.

ಅವನ ಕಂಪನಿಯಲ್ಲೊಂದು ಪದ್ಧತಿಯಿತ್ತು. ಡಬ್ಬದ ಮೇಲಿನ ತಲೆಬುರುಡೆಯ ಚಿತ್ರ ಕಂಡರೆ ಗಿರಾಕಿಗಳು ಹೆದರುತ್ತಾರೆಂದು, ಯಜಮಾನರು ಔಷಧಿಯನ್ನು ಖಾಲಿ ನೀರಿನ ಬಾಟಲಿಗಳಿಗೆ ಸುರಿಸಿ ಕಳುಹಿಸುತ್ತಿದ್ದರು. ಬಾಟಲಿಯ ಕುತ್ತಿಗೆಗೆ ಎರಡು ರಬ್ಬರ್ ಬ್ಯಾಂಡ್ ಇದ್ದರೆ ನೀರು ಬೆರೆಸದ ಗಟ್ಟಿ ದ್ರಾವಣ, ಒಂದಿದ್ದರೆ ಬೆರೆಸಿದ್ದು. ಹೆಸರೂ ಬೇಡ, ಓದುವ ಗೋಜೂ ಬೇಡ. ಕಪಾಟಿನ ಹಿಂದಿನ ಕತ್ತಲಲ್ಲೂ ಬೆರಳಿಗೇ ತಿಳಿಯುತ್ತಿತ್ತು. ವಿಷದ ಹೆಸರು ಅಳಿಸಿ ಅದನ್ನು ಜಾಣತನವೆಂದು ಕರೆದವರಲ್ಲಿ ಅವನೂ ಒಬ್ಬ. ಹೊಸದಾಗಿ ಸೇರಿದವರಿಗೆ ಈ ಪಾಠ ಹೇಳಿಕೊಡುತ್ತಿದ್ದವನೂ ಅವನೇ.

ಒಂದು ವಾರದಿಂದ ಹೆಂಡತಿ ಚುಚ್ಚುತ್ತಿದ್ದಳು: "ಲೋಕದವರ ಮನೆ ಹುಳ ಎಲ್ಲಾ ಕೊಲ್ತೀರಿ. ನಮ್ಮ ದೊರೆ ಕಿವೀಲಿ ಉಣ್ಣೆ ಗೊಂಚಲುಗಟ್ಟಿದೆ. ಸೊಳ್ಳೆಗಳಂತೂ ಅದರ ಮೂಗಿನ ಮೇಲೇ ಸಂಸಾರ ಹೂಡಿವೆ." ಮಾತು ತಾಗಿತ್ತು. ಹಾಗಾಗಿ ಈ ರಜೆಯ ಬೆಳಗ್ಗೆ ಅವನು ಎಂದೋ ಕೆಲಸದಿಂದ ತಂದು ಅಡುಗೆಮನೆಯ ಮೂಲೆಯಲ್ಲಿಟ್ಟಿದ್ದ ಒಂದು ಬ್ಯಾಂಡಿನ ಬಾಟಲಿ ತೆಗೆದು, ಸ್ಪಂಜಿಗೆ ಸುರಿದುಕೊಂಡು, ಕತ್ತಿನಿಂದ ಬಾಲದವರೆಗೂ ಉಜ್ಜಿದ್ದನು. ನಾಯಿ ಅವನ ಮೊಣಕೈ ನೆಕ್ಕುತ್ತ ನಿಂತುಕೊಂಡಿತ್ತು.

ಈಗ ಅವನು ಓಡಿಹೋಗಿ ಬಾಟಲಿ ಎತ್ತಿ ಹಿಡಿದನು. "ಒಂದೇ ಇದೆ ನೋಡು. ಒಂದೇ! ಬೆರೆಸಿರೋದೇ ಇದು."

ಹೆಂಡತಿ ಶೆಲ್ಫಿನ ಕಡೆ ನೋಡಿ ಮೆಲ್ಲಗೆ ಹೇಳಿದಳು: "ಎರಡಿತ್ತು ರೀ. ಮೊನ್ನೆ ಸಕ್ಕರೆ ಪೊಟ್ಟಣ ಕಟ್ಟೋಕೆ ಒಂದು ತಗೊಂಡೆ."

ಶೆಲ್ಫಿನ ಮೇಲೆ ಸಕ್ಕರೆ ಪೊಟ್ಟಣ ಕೆಂಪು ಬ್ಯಾಂಡಿನಿಂದ ಬಾಯಿ ಬಿಗಿದುಕೊಂಡು ಕುಳಿತಿತ್ತು. ಬಯ್ಯಲೆಂದು ಬಾಯಿ ತೆರೆದವನು ಬಾಟಲಿಯನ್ನು ಕೆಳಗಿಟ್ಟನು. ಅವಳು ತೆಗೆದದ್ದು ಒಂದು ರಬ್ಬರ್ ಬ್ಯಾಂಡ್. ಅದೊಂದು ಎಚ್ಚರಿಕೆಯೆಂದು ಅವಳಿಗೆ ಹೇಳಿದವರಾರು?

ನಾಯಿಯನ್ನು ಹೊದಿಕೆಯಲ್ಲಿ ಸುತ್ತಿ ಎರಡು ಬೀದಿಯಾಚೆಯ ಪಶುವೈದ್ಯೆಯ ಕ್ಲಿನಿಕ್ಕಿಗೆ ಹೊತ್ತೊಯ್ದರು. ವೈದ್ಯೆ ಕೋಟಿನ ತೋಳು ಮಡಚಿ, ಸಾಬೂನು ಹಾಕಿ ಅದರ ಮೈ ತೊಳೆಯುತ್ತಲೇ ಕೇಳಿದರು: "ಏನು ಹಾಕಿದ್ರಿ?"

"ಸೊಳ್ಳೆ, ಉಣ್ಣೆ ಎಲ್ಲಕ್ಕೂ ಆಗುತ್ತೆ ಮೇಡಂ."

"ನಾನು ಹೆಸರು ಕೇಳಿದೆ."

"ಹೆಸರು... ನಾವು ಎರಡು ಬ್ಯಾಂಡಿಂದು ಅಂತೀವಿ."

ವೈದ್ಯೆಯ ಕೈ ಒಂದು ಕ್ಷಣ ನಿಂತಿತು. "ಗೋಡೆಗೆ ಹೊಡೆಯೋದನ್ನ ಜೀವ ಇರೋ ಚರ್ಮಕ್ಕೆ ಉಜ್ಜೋದಾ? ಒಂದು ಬ್ಯಾಂಡಾದ್ರೂ ತಪ್ಪೇ, ಎರಡಾದ್ರೂ ತಪ್ಪೇ. ನಾಯಿಗೆ ಅಂತಲೇ ಔಷಧಿ ಇದೆ, ತೂಕ ನೋಡಿ ಕೊಡೋದು. ಸರಿ, ಈಗ ಕೇಳಿ. ಒಂದೊಂದು ಥರದ ವಿಷಕ್ಕೆ ಒಂದೊಂದು ಇಂಜೆಕ್ಷನ್. ಅಂದಾಜಿಗೆ ಚುಚ್ಚೋಕಾಗಲ್ಲ. ನಡುಕಕ್ಕೆ ಏನಾದ್ರೂ ಕೊಟ್ಟಿರ್ತೀನಿ. ಹೆಸರು ತನ್ನಿ. ಬೇಗ."

ಅವನು ಯಜಮಾನರಿಗೆ ಫೋನು ಮಾಡಿ, ನಡೆದದ್ದು ತಿಳಿಸಿ, ಔಷಧಿಯ ಹೆಸರು ಕೇಳಿದನು.

"ಡಾಕ್ಟರಿಗೆ ಶಾಂಪೂ ಅಂತ ಹೇಳಯ್ಯಾ," ಎಂದರು ಯಜಮಾನರು.

"ಸಾಯ್ತಾ ಇದೆ ಸಾರ್. ಹೆಸರೊಂದು ಹೇಳಿ."

"ಒಂದು ನಾಯಿಗೋಸ್ಕರ ಹೆಸರು ಆಚೆ ಬಂದ್ರೆ ನಾಳೆ ಯಾವ ಮನೆಯವರು ಬಾಗಿಲು ತೆಗೀತಾರೆ? ನಿನ್ನ ಅನ್ನವೂ ಅದೇ ಬಾಗಿಲಿಂದ ಬರೋದು ಕಣೋ."

ಫೋನು ಕಿವಿಯಲ್ಲಿದ್ದಂತೆಯೇ ಅವನಿಗೆ ಹೋದ ವಾರದ ಬಾಗಿಲೊಂದು ನೆನಪಾಯಿತು. ಕಂಕುಳಲ್ಲಿ ಕೂಸು ಹೊತ್ತ ತಾಯಿ ಕೇಳಿದ್ದಳು: "ಇವಳು ನೆಲದ ಮೇಲೇ ಅಂಬೆಗಾಲಿಡೋದು ಅಣ್ಣಾ, ಏನೂ ಆಗಲ್ವಾ?" ಅವನು ನಕ್ಕು, "ನೀರಿದ್ದ ಹಾಗೆ ಕಣಮ್ಮ," ಎಂದಿದ್ದನು. ಹಾಗೆ ಎಷ್ಟು ಬಾಗಿಲುಗಳಲ್ಲಿ ಹೇಳಿದ್ದನೋ!

ಕಂಪನಿಯ ಉಗ್ರಾಣದ ಬೀಗದ ಕೈ ಅವನ ಬಳಿಯಲ್ಲೇ ಇತ್ತು. ನಂಬಿಕಸ್ಥನೆಂದು ಯಜಮಾನರೇ ಕೊಟ್ಟದ್ದು. ಅವನು ಓಡಿದನು. ಎರಡು ಬ್ಯಾಂಡಿನ ಬಾಟಲಿಗಳನ್ನು ತುಂಬಿಸುತ್ತಿದ್ದ ಮೂಲೆಯ ನೀಲಿ ಡಬ್ಬದ ಚೀಟಿ ಕೀಳಲು ನೋಡಿದನು. ಅದು ಹರಿಯುವಂತಿತ್ತೇ ಹೊರತು ಬಿಡಿಸಿಕೊಳ್ಳುವಂತಿರಲಿಲ್ಲ. ಕೊನೆಗೆ ಇಡೀ ಡಬ್ಬವನ್ನೇ ಎದೆಗೆ ಅವಚಿಕೊಂಡು, ತಲೆಬುರುಡೆ ಜನರ ಕಡೆಗೆ ಮುಖಮಾಡಿರುವಂತೆಯೇ, ನಡುಮಧ್ಯಾಹ್ನದ ಬೀದಿಯಲ್ಲಿ ಹೊರಟನು. ಎದುರು ಬಂದವರು ದಾರಿ ಬಿಟ್ಟು ಸರಿದರು.

ವೈದ್ಯೆ ಕನ್ನಡಕ ಏರಿಸಿ ಚೀಟಿ ಓದಿದರು, ಮತ್ತೊಮ್ಮೆ ಓದಿದರು, ಇಂಜೆಕ್ಷನ್ ಚುಚ್ಚಿದರು. "ಇನ್ನು ಕಾಯಬೇಕು. ಬದುಕುತ್ತೆ ಅಂತ ಈಗಲೇ ಹೇಳಲಾರೆ. ಸದ್ದು ಮಾತ್ರ ಬೇಡ. ಸಣ್ಣ ಸದ್ದಿಗೂ ನಡುಕ ಏರಬಹುದು."

ಸಂಜೆಯಾಗುತ್ತ ಬಂದಿತು. ಹೆಂಡತಿ ಗೋಡೆಗೊರಗಿ, ಸೆರಗನ್ನು ಬಾಯಿಗೊತ್ತಿ ಕುಳಿತಿದ್ದಳು. ಅವನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು, ಯಜಮಾನರು. ಅವನು ಅದನ್ನು ಆರಿಸಿ, ಡಬ್ಬದ ಪಕ್ಕದಲ್ಲಿ ಮೆಲ್ಲಗೆ ಇಟ್ಟನು.

ಕಿಟಕಿಯಿಂದ ಒಂದು ಸೊಳ್ಳೆ ಒಳಬಂದು ನಾಯಿಯ ಒದ್ದೆ ಕಿವಿಯ ಸುತ್ತ ಸುಳಿಯಿತು. ಅವನು ಅಂಗೈಯಿಂದ ಸದ್ದಿಲ್ಲದೆ ಗಾಳಿ ಹಾಕಿದನು. ಅದು ಎದ್ದು, ಅವನ ಮುಂಗೈ ಮೇಲೆಯೇ ಬಂದು ಕುಳಿತಿತು. ಹಳೆಯ ಅಭ್ಯಾಸಕ್ಕೆ ಇನ್ನೊಂದು ಕೈ ಮೇಲೆದ್ದಿತು, ಗಾಳಿಯಲ್ಲೇ ನಿಂತಿತು. ನಾಯಿಯ ಹಿಂಗಾಲು ಒಮ್ಮೆ ಅದುರಿ, ನಿಂತಿತು. ಅವನು ಉಸಿರು ಬಿಗಿಹಿಡಿದು ಅದರ ಪಕ್ಕೆ ಏರುವುದನ್ನೇ ಕಾದನು. ಏರಿತು. ಮುಂಗೈ ಮೇಲಿನ ಸೊಳ್ಳೆಯ ಹೊಟ್ಟೆ ನಿಧಾನವಾಗಿ ಕೆಂಪಾಗುತ್ತಿತ್ತು. ಅವನು ಕೈ ಅಲುಗಿಸಲಿಲ್ಲ.