ಮೂರು ಗಿಗಾಹರ್ಟ್ಸ್ ಮರ್ಯಾದೆ

ಸೂಳೆಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಓಂಕಾರ್ ಮೇಷ್ಟ್ರಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಪಾಠಕ್ಕೆ ಅದೇನೂ ಅಡ್ಡಿಯಾಗಿರಲಿಲ್ಲ. ಅವರು ವಿಜಯನಗರದ ಕಥೆ ಶುರು ಮಾಡಿದರೆ ಹಿಂದಿನ ಬೆಂಚಿನ ತರಲೆಗಳೂ ಬಾಯಿ ಬಿಟ್ಟುಕೊಂಡು ಕೂರುತ್ತಿದ್ದವು. ಅಡ್ಡಿಯಾದದ್ದು ಪ್ರಶ್ನೆಪತ್ರಿಕೆ. ಅದನ್ನು ಅವರು ಹೇಳಬೇಕು, ಹೆಂಡತಿ ಕಾವ್ಯಶ್ರೀ ಬರೆಯಬೇಕು. ಮಗಳು ರಮ್ಯಶ್ರೀ ಅದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ಕಾವ್ಯಶ್ರೀ ಪ್ರಶ್ನೆಗಳ ಬಗ್ಗೆ ಮಗಳ ಮುಂದೆ ಒಂದಕ್ಷರ ಬಾಯಿ ಬಿಟ್ಟವಳಲ್ಲ. ಆದರೆ ಹುಡುಗಿ ಸಮಾಜದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಾಗ ಊರ ಬಾಯಿಗೆ ಬೀಗ ಹಾಕುವವರು ಯಾರು?

"ಅವ್ವ ಬರೆದ ಪ್ರಶ್ನೆಗೆ ಮಗಳು ಉತ್ತರ ಬರೆದ್ರೆ ಅದ್ಯಾವ ಸೀಮೆ ಪರೀಕ್ಷೆ?" ಎಂದು ಪೋಷಕರ ಸಭೆಯಲ್ಲಿ ಒಬ್ಬರು ಅಂದೇಬಿಟ್ಟರು. ರಮ್ಯಶ್ರೀ ಅಂದು ಊಟ ಬಿಟ್ಟು ಅತ್ತಳು. ಮುಂದಿನ ಪರೀಕ್ಷೆಗೆ ಮೇಷ್ಟ್ರು ಯಾರ ನೆರವೂ ಇಲ್ಲದೆ ಪ್ರಶ್ನೆಪತ್ರಿಕೆ ಮಾಡಬೇಕು, ಆಗದಿದ್ದರೆ ಬೇರೆ ಶಾಲೆಯವರು ಮಾಡಿಕೊಡುತ್ತಾರೆ ಎಂದು ತೀರ್ಮಾನವಾಯಿತು. ತಾನು ಕಲಿಸಿದ ಮಕ್ಕಳಿಗೆ ತಾನೇ ಪ್ರಶ್ನೆ ಕೇಳಲಾಗದಿದ್ದರೆ ತಾನೆಂಥ ಮೇಷ್ಟ್ರು ಎಂದು ಓಂಕಾರ್ ತಮ್ಮನ್ನೇ ಕೇಳಿಕೊಂಡರು.

ಆಗ ಕಂಪ್ಯೂಟರ್ ವಿಚಾರ ಎತ್ತಿದವರು ಹೆಡ್‌ಮಾಸ್ಟರ್ ಜಯದೇವಪ್ಪ. ನಲ್ಲೂರಿನ ಅಡಿಕೆ ತೋಟದ ಮನೆಯವರು. ಬಾಯಿ ಒರಟು, ಮನಸ್ಸು ಬೆಣ್ಣೆ. ಹೊನ್ನಾಳಿಯಲ್ಲಿ ಪರಿಚಯದವರೊಬ್ಬರು ಅಂಗಡಿಗೆ ಹೊಸ ಕಂಪ್ಯೂಟರ್ ಕೊಂಡಾಗ ಹಳೆಯವೆರಡನ್ನು ಬೇಡಿ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಂದರು. ಒತ್ತಿದ ಅಕ್ಷರವನ್ನೂ ತೆರೆಯ ಮೇಲಿನ ಸಾಲನ್ನೂ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಎರಡಕ್ಕೂ ಹಾಕಿಸಿದರು. ಆಮೇಲೆ ಹಂಚಿಕೆ.

"ಒಂದರ ವೇಗ ಮೂರು ಗಿಗಾಹರ್ಟ್ಸ್ ಐತೆ, ಇನ್ನೊಂದರದ್ದು ಒಂದು ಪಾಯಿಂಟ್ ಎಂಟು. ದೊಡ್ಡದು ನಿಮಗೆ ಇರ್ಲಿ ಮೇಷ್ಟ್ರೇ. ನನ್ನ ಪತ್ರ ಬರೆಯಾಕೆ ಸಣ್ಣದು ಸಾಕು." ಹೀಗೆಂದು ಸ್ಟಾಫ್ ರೂಮಿನಲ್ಲಿ ದೊಡ್ಡದನ್ನು ಕೂರಿಸಿ, ವಿಭೂತಿ ಹಚ್ಚಿ, ಕಾಯಿ ಒಡೆಸಿದರು. ತೋಟಕ್ಕೆ ಮೋಟರ್ ಕೊಳ್ಳುವವರು ಎಚ್‌ಪಿ ನೋಡದೆ ಇನ್ನೇನು ನೋಡುತ್ತಾರೆ?

ದೊಡ್ಡದೇನೂ ಸೋಮಾರಿಯಲ್ಲ. ಇದ್ದ ಪಾಠವನ್ನು ಸುಮ್ಮನೆ ಓದು ಎಂದರೆ ಗಂಟಲು ಕಟ್ಟದೆ ಓದುತ್ತಿತ್ತು. ಬರೆಯುವಾಗಲೂ ಓದು ಎಂದರೆ ಮಾತ್ರ ಅದಕ್ಕೆ ಬಿಕ್ಕಳಿಕೆ. ಮೇಷ್ಟ್ರು 'ಕ' ಒತ್ತಿ, ಮುಂದಿನ ಎರಡು ಮೂರು ಅಕ್ಷರ ಒತ್ತಿಯಾದ ಮೇಲೆ ಅದು 'ಕ' ಅನ್ನುತ್ತಿತ್ತು. ವೈರಸ್ ಹುಡುಕುವ ಕೆಲಸ ಒಳಗೆ ಶುರುವಾದರಂತೂ ಪೂರ್ತಿ ಮೂಕ. ಕೇಳದ ಅಕ್ಷರ ಬಿದ್ದಿಲ್ಲವೆಂದು ಮೇಷ್ಟ್ರು ಮತ್ತೆ ಒತ್ತುವರು; ಅದು ಎರಡು ಸಲ ಬೀಳುವುದು. ಅಳಿಸಹೋದರೆ ಸರಿಯಿದ್ದದ್ದೂ ಅಳಿಸಿಹೋಗುವುದು. ಕೊಡಬೇಕಾದ ದಿನ ಹತ್ತಿರ ಬಂತು, ಅರ್ಧ ಪುಟ ಆಗಲಿಲ್ಲ. ಇಷ್ಟು ಪ್ರೀತಿಯಿಂದ ಕೊಟ್ಟದ್ದರ ಮೇಲೆ ದೂರು ಹೇಳಲು ಬಾಯಿ ಬರಲಿಲ್ಲ. ತಪ್ಪು ತನ್ನ ಬೆರಳಿನದ್ದೇ ಎಂದು ಅವರು ನಂಬಿಬಿಟ್ಟರು.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಪ್ಲಗ್ ಸುಟ್ಟು ಹೊಗೆಯೆದ್ದಿತು. "ಇವತ್ತೊಂದಿನ ನನ್ನ ಬಡ ಕಂಪ್ಯೂಟರ್‌ನಾಗೆ ಸುಧಾರಿಸ್ಕೊಳ್ರಿ" ಎಂದು ಜಯದೇವಪ್ಪನವರು ಮೇಷ್ಟ್ರ ಕೈ ಹಿಡಿದು ತಮ್ಮ ಕುರ್ಚಿಯಲ್ಲೇ ಕೂರಿಸಿದರು.

ಮೇಷ್ಟ್ರು 'ಕ' ಒತ್ತಿದರು. 'ಕ' ಅಂದಿತು. ಬೆರಳು ಮೇಲೇಳುವ ಮೊದಲೇ ಅಂದಿತು. ಬೇಕೆಂದೇ ವೇಗವಾಗಿ ಒತ್ತಿದರು. ದನಿ ನೆರಳಿನಂತೆ ಹಿಂದೆಯೇ ಬಂತು. ಇದ್ಯಾವ ಪುಣ್ಯಾತ್ಮ ಯಂತ್ರ ಎಂದು ಮೇಷ್ಟ್ರು ಅದರ ವಿವರದ ಪುಟ ತೆರೆದು ಕೇಳಿಸಿಕೊಂಡರು. ಎರಡು ಕೋರ್, ಎಂದಿತು ದನಿ; ಅಂದರೆ ಒಟ್ಟಿಗೇ ಕೆಲಸ ಮಾಡುವ ಎರಡು ಮಿದುಳು. ಅವರಿಗೆ ನಗುವೂ ಬಂತು, ಅಳುವೂ ಬಂತು. ಇಷ್ಟು ದಿನ ಬೈದುಕೊಂಡ ಬೆರಳುಗಳನ್ನು ಮಡಿಲಲ್ಲಿಟ್ಟು ಸವರಿಕೊಂಡರು.

"ಸರ್, ತಪ್ಪು ತಿಳೀಬ್ಯಾಡ್ರಿ. ನನಗೆ ಈ ಸಣ್ಣದೇ ಚೆನ್ನಾಗಿ ಕೇಳ್ತೈತೆ."

"ಸುಮ್ನಿರ್ರಿ, ಸಂಕೋಚಕ್ಕೆ ಹೇಳ್ತೀರಿ. ಮೂರಕ್ಕಿಂತ ಒಂದು ಪಾಯಿಂಟ್ ಎಂಟು ಹೆಂಗ್ರೀ ಜಾಸ್ತಿ ಆಗ್ತೈತೆ?"

ಜಯದೇವಪ್ಪನವರು ಹಠಕ್ಕೆ ಬಿದ್ದರು. ದೊಡ್ಡದನ್ನೂ ತರಿಸಿ, ಪಕ್ಕದಲ್ಲೇ ಇಟ್ಟು ಚಾಲೂ ಮಾಡಿ, ಎರಡರಲ್ಲೂ ಒಂದೇ ವಾಕ್ಯ ಒತ್ತಲು ಹೇಳಿ ಕಿವಿಗೊಟ್ಟು ಕೂತರು. ಸಣ್ಣದು ಮೇಷ್ಟ್ರ ಜೊತೆಗೇ ವಾಕ್ಯ ಮುಗಿಸಿತು. ದೊಡ್ಡದು, ಮೇಷ್ಟ್ರು ಕೈಕಟ್ಟಿ ಕೂತ ಮೇಲೂ ನಡುವಿನ ಅಕ್ಷರಗಳಲ್ಲಿ ತಡವರಿಸುತ್ತಿತ್ತು. ಹೆಡ್‌ಮಾಸ್ಟರು ಬಗ್ಗಿ ಎರಡು ಪೆಟ್ಟಿಗೆಗಳನ್ನೂ ಮತ್ತೆ ಮತ್ತೆ ನೋಡಿದರು.

"ಸಣ್ಣದರೊಳಗೆ ಎರಡು ಕೋರ್ ಐತಂತೆ ಸರ್. ಇದರೊಳಗೆ ಒಂದೇ" ಎಂದರು ಮೇಷ್ಟ್ರು ಮೆಲ್ಲಗೆ, ದೊಡ್ಡದರ ವಿವರದ ಪುಟವನ್ನೂ ಕೇಳಿಸಿಕೊಂಡು.

"ತಡೀರಿ, ತಡೀರಿ." ಜಯದೇವಪ್ಪನವರು ಮೇಜು ಕುಟ್ಟಿದರು. "ನಮ್ಮ ತೋಟದಾಗೆ ಏಳೂವರೆ ಎಚ್‌ಪಿ ಮೋಟರ್ ಒಂದೇ ಐತೆ. ಮೇಲಿನ ತೋಟಕ್ಕೆ ನೀರು ಬಿಡಾಕೆ ಕೆಳಗಿಂದು ಬಂದ್ ಮಾಡಿ ವಾಲ್ವ್ ತಿರುವಬೇಕು. ನಮ್ಮ ತಮ್ಮನ ಮೋಟರು ಸಣ್ಣವು, ಆದ್ರೆ ಎರಡು. ಮೇಲಕ್ಕೊಂದು, ಕೆಳಕ್ಕೊಂದು, ವಾಲ್ವ್ ಮುಟ್ಟೋ ಹಂಗೇ ಇಲ್ಲ. ಈ ನನ್ನ ಮಗಂದು ದೊಡ್ಡ ಕಂಪ್ಯೂಟರ್ ಬರೆಯಾಕೊಂದ್ಸಲ, ಓದಾಕೊಂದ್ಸಲ ವಾಲ್ವ್ ತಿರುವ್ತಾ ಕೂತೈತೆ ಕಣ್ರೀ! ಮರ್ಯಾದೆ ಕೊಡಾಕೆ ಹೋಗಿ ನಿಮಗೆ ಕಾಟ ಕೊಟ್ನಲ್ರೀ."

ತನ್ನದು ತಪ್ಪು ಎಂದು ಗೊತ್ತಾದ ಕೂಡಲೇ ಅದನ್ನು ಗಟ್ಟಿ ದನಿಯಲ್ಲಿ ಹೇಳುವ ದೊಡ್ಡವರನ್ನು ಮೇಷ್ಟ್ರು ಹೆಚ್ಚು ಕಂಡಿರಲಿಲ್ಲ. ಅವರಿಗೆ ಆ ಮನುಷ್ಯನ ಮೇಲೆ ಇದ್ದ ಗೌರವ ಇಮ್ಮಡಿಯಾಯಿತು. ಜಯದೇವಪ್ಪನವರು ಜವಾನನನ್ನೂ ಕರೆಯದೆ ತಾವೇ ವೈರು ಬಿಚ್ಚಿ, ಸಣ್ಣದನ್ನು ಎದೆಗವುಚಿಕೊಂಡು, ಅಷ್ಟರಲ್ಲಿ ಪ್ಲಗ್ ಸರಿಯಾಗಿದ್ದ ಸ್ಟಾಫ್ ರೂಮಿಗೆ ಹೊತ್ತೊಯ್ದರು. "ದೊಡ್ಡದು ನನ್ನ ಹತ್ರಾನೇ ಇರ್ಲಿ. ನನಗೂ ಒಂದು ಹೊತ್ತಿಗೆ ಒಂದೇ ಕೆಲಸ ಮಾಡಾಕೆ ಬರೋದು" ಎಂದು ದಾರಿಯಲ್ಲಿ ತಾವೇ ನಕ್ಕರು.

ಮಾರನೇ ದಿನ ಸಂಜೆಯ ಹೊತ್ತಿಗೆ ಪ್ರಶ್ನೆಪತ್ರಿಕೆ ಮುಗಿದಿತ್ತು. ಅದನ್ನು ಲಕೋಟೆಗೆ ಹಾಕಿ ಅರಗು ಹಚ್ಚಿಸಿ ಕೊಟ್ಟು ಮೇಷ್ಟ್ರು ಮನೆಗೆ ಬಂದಾಗ ಕಾವ್ಯಶ್ರೀ ರೊಟ್ಟಿ ತಟ್ಟುತ್ತಿದ್ದಳು.

"ಮುಗೀತೇನ್ರೀ?"

"ಮುಗೀತು."

"ವಿಜಯನಗರದ್ದು ಏನು ಕೇಳೀರಿ?"

ಮೇಷ್ಟ್ರು ರೂಢಿಯಂತೆ ಬಾಯಿ ತೆರೆದರು. ತೆರೆದ ಬಾಯನ್ನು ಹಾಗೇ ಮುಚ್ಚಿದರು. "ಹೇಳಂಗಿಲ್ಲ, ಕಾವ್ಯಾ."

ರೊಟ್ಟಿ ತಟ್ಟುವ ಸದ್ದು ನಿಂತಿತು. "ನನಗೂ?"

"ನಿನಗೂ."

ಮದುವೆಯಾದಂದಿನಿಂದ ಅವಳು ಓದದ ಒಂದು ಕಾಗದವೂ ಅವರ ಬದುಕಿನಲ್ಲಿ ಇರಲಿಲ್ಲ. ಬೇಜಾರಾದಳೋ ಏನೋ ಎಂದು ಮೇಷ್ಟ್ರಿಗೆ ಅಳುಕಾಯಿತು. ಅಷ್ಟರಲ್ಲಿ ಕಾವ್ಯಶ್ರೀ ಎದ್ದು, ಹಿಟ್ಟಿನ ಕೈಯಲ್ಲೇ ಬೀದಿ ಕಡೆಯ ಕಿಟಕಿ ಪೂರ್ತಿ ತೆರೆದು, ಒಳಕೋಣೆಯಲ್ಲಿದ್ದ ಮಗಳಿಗೆ ಬೀದಿಗೆಲ್ಲ ಕೇಳುವಂತೆ ಕೂಗಿದಳು:

"ರಮ್ಯಾ, ಸರಿಯಾಗಿ ಓದ್ಕಳೇ! ನಿಮ್ಮಪ್ಪ ಏನು ಕೇಳ್ಯಾರೆ ಅಂತ ಈ ಮನ್ಯಾಗೆ ಯಾರಿಗೂ ಗೊತ್ತಿಲ್ಲ!"