ಒಳಗಿನ ಚಿಲಕ

ಸಂಗಮೇಶ ಮತ್ತು ಉಮಾಶ್ರೀ ಕಾಡುಗೋಡಿಯ ಹೊಸ ಅಪಾರ್ಟ್‌ಮೆಂಟಿಗೆ ಬಂದು ಎರಡು ತಿಂಗಳಾಗಿತ್ತು. ರಾಣೆಬೆನ್ನೂರು ಕಡೆಯ ಸಂಗಮೇಶ ವೈಟ್‌ಫೀಲ್ಡಿನ ಯಂತ್ರದ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷದಿಂದ ಫಿಟರ್ ಆಗಿದ್ದ. ೧೯೯೮ರ ಬೇಸಿಗೆಯಲ್ಲಿ, ಅಲ್ಲಿಗೆ ಬಂದಿದ್ದ ಜರ್ಮನ್ ಇಂಜಿನಿಯರು ವಾಪಸು ಹೊರಡುವಾಗ ಬಿಚ್ಚದೇ ಇಟ್ಟಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ಅವನಿಗೆ ಕೊಟ್ಟುಹೋದ. ಅದರೊಳಗೆ ಬಟ್ಟೆ ಬೀರು ಇತ್ತು, ಬಿಡಿ ಹಲಗೆಗಳಾಗಿ. ತಿರುಪು ಹಾಕಿ ನಾವೇ ಕೂಡಿಸಿಕೊಳ್ಳಬೇಕು.

ಭಾನುವಾರ ಸಂಗಮೇಶ ತಿಂಡಿ ತಿಂದು ನಡುಮನೆಯಲ್ಲಿ ಹಲಗೆ ಹರಡಿಕೊಂಡು ಕೂತ. ಕೂಡಿಸುವ ಕ್ರಮದ ಹಾಳೆಯನ್ನು ಉಮಾಶ್ರೀ ಬಿಡಿಸಿ ಅವನ ಮುಂದಿಟ್ಟಳು.

“ತಗಿ ಅದನ್ನ. ಒಂದು ಬೀರು ಕೂಡ್ಸಾಕ ನನಗ ಚಿತ್ರ ಬೇಕೇನು?”

ಮೊದಮೊದಲು ಲೆಕ್ಕ ಹಾಕುತ್ತಲೇ ಜೋಡಿಸಿದ. ಆಮೇಲೆ ಕೈ ತಾನಾಗಿ ಮುಂದಿನ ಹಲಗೆಗೆ ಹೋಗತೊಡಗಿತು. ಹೋದ ಕಡೆಯೆಲ್ಲ ತೂತಿಗೆ ತೂತು ಸರಿಯಾಗಿ ಕೂತಿತು. ಉಮಾಶ್ರೀ ಎರಡು ಸಲ ಚಹಾಕ್ಕೆ ಕರೆದದ್ದು ಕೇಳಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನೆಲದ ಮೇಲೆ ಒಂದು ತಿರುಪೂ ಉಳಿದಿರಲಿಲ್ಲ.

ಎದ್ದು ನಿಂತದ್ದು ಬೀರುವಾಗಿರಲಿಲ್ಲ. ಎದೆಮಟ್ಟದ ಪುಟ್ಟ ಕೋಣೆಯಂತಿತ್ತು. ಬಗ್ಗಿ ಹೋಗುವಷ್ಟು ಕುಳ್ಳ ಬಾಗಿಲು, ಅದರ ಬುಡದಲ್ಲಿ ಹೊಸ್ತಿಲಿನಂತೆ ಅಡ್ಡಹಲಗೆ.

“ಚಿಲಕ ಒಳಗ ಯಾಕ ಹಾಕೀರಿ?” ಅಂದಳು ಉಮಾಶ್ರೀ.

ಸಂಗಮೇಶ ಬಗ್ಗಿ ಚಿಲಕ ನೋಡಿದ. ಬಿಚ್ಚಿಬಿಡೋಣವೆಂದು ಸ್ಕ್ರೂಡ್ರೈವರಿಗೆ ಕೈಹಾಕಿದ. ಅಷ್ಟರಲ್ಲಿ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಒಳಗೆ ಚಿಲಕ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು. ಅವನು ಎಳೆದ, ಕಾಲು ಕೊಟ್ಟು ಎಳೆದ. ತೆಳು ಹಲಗೆಯ ಬಾಗಿಲು ಗೋಡೆಯಂತೆ ನಿಂತಿತ್ತು.

ಸಂಜೆಯ ಹಾಲು ತಂದ ಮುನಿಯಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಅಪಾರ್ಟ್‌ಮೆಂಟು ಎದ್ದ ಜಾಗದಲ್ಲಿ ಹಿಂದೆ ಅವಳ ತವರುಮನೆಯಿತ್ತು.

“ಇದನ್ನ ಯಾರು ಮಾಡಿದ್ರು ಸಾರ್?”

“ನಾನಾ. ಯಾಕವಾ?”

“ನಮ್ಮನೆ ರಾಗಿ ಕೋಣೆ ಇಂಗೇ ಇತ್ತು. ಮನೆ ಕೆಡವಾಕೆ ಬಂದಾಗ ನಮ್ಮವ್ವ ಅದರೊಳಗೆ ಓಗಿ ಚಿಲಕ ಆಕ್ಕೊಂಡ್ಬಿಟ್ಲು. ಬಾಗಿಲು ಒಡೆದು ಅವಳ್ನ ಈಚೆಗೆ ಒತ್ಕೊಂಡು ಬಂದ್ರು. ಎಂಟು ದಿನ ಮಾತಾಡ್ಲಿಲ್ಲ. ಅಂಗೇ ಓಗ್ಬಿಟ್ಲು.”

ಅವಳು ಹಾಲಿನ ಕ್ಯಾನು ಇಳಿಸಿ ಆ ಪುಟ್ಟ ಬಾಗಿಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದಳು.

“ಅವ್ವಾ, ನಾನು ಕಣವ್ವಾ. ಯಾರೂ ಒಡೆಯಲ್ಲ. ತೆಗಿ.”

ಚಿಲಕ ಸರಿದ ಸದ್ದಾಯಿತು. ಬಾಗಿಲು ಒಂದು ಬೆರಳಿನಷ್ಟೇ ತೆರೆಯಿತು. ಹೊಸ ಹಲಗೆಯ ಅಂಟಿನ ವಾಸನೆ ಬರಬೇಕಿತ್ತು, ಹಳೆಯ ರಾಗಿಯ ಬೆಚ್ಚನೆ ವಾಸನೆ ಬಂತು. ಉಮಾಶ್ರೀ ಗಂಡನ ತೋಳು ಹಿಡಿದುಕೊಂಡಳು. ಒಳಗೆ ಇಣುಕುವ ಧೈರ್ಯ ಇಬ್ಬರಿಗೂ ಆಗಲಿಲ್ಲ. ಮುನಿಯಕ್ಕ ಮಾತ್ರ ಇಣುಕಿದಳು, ತುಂಬ ಹೊತ್ತು.

“ಬಿಚ್ಚಬ್ಯಾಡಿ ಸಾರ್. ನಮ್ಮನೆಗೆ ಕಳಿಸ್ಕೊಡಿ,” ಅಂದಳು.

ಅವಳ ತಮ್ಮ ಚಿನ್ನಪ್ಪ ತಳ್ಳುಗಾಡಿ ತಂದ. ಅಕ್ಕ ಹೇಳಿದ್ದನ್ನು ಕೇಳಿ ಚಪ್ಪಲಿ ಬಿಟ್ಟು ಒಳಗೆ ಬಂದ. ಬಸ್ಸಿನಿಂದ ಮನೆಯವರೆಗೆ ಸಂಗಮೇಶ ಒಬ್ಬನೇ ಹೊತ್ತು ತಂದಿದ್ದ ಅದೇ ಹಲಗೆಗಳನ್ನು ಈಗ ಇಬ್ಬರು ಗಂಡಸರು ಮೆಟ್ಟಿಲು ಮೆಟ್ಟಿಲಿಗೂ ನಿಂತು ಇಳಿಸಬೇಕಾಯಿತು.

ಚಿನ್ನಪ್ಪ ಗಾಡಿ ತಳ್ಳಿದ. ಬಾಗಿಲ ಮೇಲೆ ಅಂಗೈ ಇಟ್ಟುಕೊಂಡು ಮುನಿಯಕ್ಕ ಪಕ್ಕದಲ್ಲೇ ನಡೆದಳು, ಹಲಗೆಯ ಹತ್ತಿರ ಬಾಯಿಟ್ಟು ದಾರಿ ಹೇಳುತ್ತಾ.

“ಇದು ಬಾವಿ ಇದ್ದ ಜಾಗ ಅವ್ವಾ, ಮುಚ್ಚವ್ರೆ. ಇಲ್ಲಿ ಬೇಕರಿ ಆಗೈತೆ. ಎದರ್ಕೋಬ್ಯಾಡ, ಅದು ರೈಲು ಕೂಗಿದ್ದು.”

ಗಾಡಿ ಒಂದು ಕಡೆ ವಾಲದಂತೆ ಹಿಡಿದುಕೊಂಡು ಸಂಗಮೇಶ ಅವರ ಮನೆಯವರೆಗೂ ಹೋದ.