ಓಟು ಕೇಳಲು ಬಂದವನ ಊಟ

"ಲೋ ಸಿದ್ದ, ಬೋಳಿಮಗನೆ, ಕೈ ಒರೆಸ್ಕೊಂಡ್ ಬಾ. ಈ ಪೋಸ್ಟರ್ ಬಾಗಿಲಿಗೆ ಅಂಟಿಸು!"

ಜಪಾನಿನ ಉರಯಾಸು ಪಟ್ಟಣದ ಇಂಡಿಯನ್ ಹೋಟೆಲಿನಲ್ಲಿ ಮಾಲೀಕ ಅಶ್ವತ್ಥ ಕೂಗಿದ. ಬೆಳಗಿನಿಂದ ಒಲೆಯ ಮುಂದೆ ಬೇಯುತ್ತಿದ್ದ ಕೊಪ್ಪಳದ ಸಿದ್ದಪ್ಪ ಹೊರಬಂದ. ಪೋಸ್ಟರಿನಲ್ಲಿ ಚುನಾವಣೆಯ ಅಭ್ಯರ್ಥಿ ಹಲ್ಲು ಕಿರಿಯುತ್ತಿದ್ದ. ಸಿದ್ದಪ್ಪನಿಗೆ ಜಪಾನಿ ಅಷ್ಟಕ್ಕಷ್ಟೆ. ಆದರೆ ಆ ಅಭ್ಯರ್ಥಿಯ ಮೈಕಿನ ವ್ಯಾನು ವಾರದಿಂದ ಒದರಿದ್ದೆಲ್ಲ ಬಾಯಿಪಾಠವಾಗಿತ್ತು: ವಿದೇಶಿಯರಿಂದ ಕಳ್ಳತನ, ವಿದೇಶಿಯರಿಂದ ಕೊಳಕು, ಮೊದಲು ಜಪಾನೀಯರು.

"ನಮ್ಮನ್ನ ಬೈಯೋ ಮಗನ ಮಾರಿ ನಮ್ಮ ಬಾಗಲಕ್ಕ ಹಚ್ಚೂದೇನ್ರೀ?"

"ನಮಗಲ್ಲಯ್ಯ ಅವನು ಹೇಳ್ತಿರೋದು," ಎಂದರು ದೋಸೆ ಮುರಿಯುತ್ತಿದ್ದ ಬಾಲಸುಬ್ರಹ್ಮಣ್ಯ, ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಮ್ಯಾನೇಜರು. "ಅಮೆರಿಕದ ಎಲೆಕ್ಷನ್‌ಗಳಲ್ಲೂ ಸೇಮ್ ಟ್ರಿಕ್. ಟಿವಿಲಿ ಒಬ್ಬ ಕಪ್ಪು ಕೈದಿ ಮುಖ ತೋರ್ಸಿ, ಜನನ ಹೆದರ್ಸಿ ವೋಟು ಬಾಚಿದ್ರು. ಈಗ ಇಮಿಗ್ರೆಂಟ್ಸ್ ಮುಖ ತೋರಿಸ್ತಾರೆ. ವೆರಿ ಬ್ಯಾಡ್. ಆದ್ರೆ ಇಲ್ಲಿ ಟಾರ್ಗೆಟ್ ಲೇಬರ್ ಕ್ಲಾಸು. ನಾವು ಡಿಫರೆಂಟ್."

"ಹಂಗಂದ್ರ ನನಗ ಬೈದಂಗಾತಲ್ರೀ."

ಬಾಲಸುಬ್ರಹ್ಮಣ್ಯ ಇನ್ನಷ್ಟು ಚಟ್ನಿ ಕೇಳಿದರು.

ಅಷ್ಟರಲ್ಲಿ ಅಭ್ಯರ್ಥಿಯೇ ಒಳಬಂದ. ಹೆಗಲಿಗೆ ಹೆಸರಿನ ಪಟ್ಟಿ, ಹಿಂದೆ ಕ್ಯಾಮೆರಾದವನು. ಭಾಷಣ ಮಾಡಿ ಹಸಿದಿದ್ದನಂತೆ, ಕರಿ ಬೇಕಂತೆ, ಹಾಗೇ 'ಒಳ್ಳೆಯ ವಿದೇಶಿ' ಒಬ್ಬನ ಜೊತೆ ಫೋಟೋ ಬೇಕಂತೆ. ಅಶ್ವತ್ಥನ ಸೊಂಟ ಎರಡಾಗಿ ಮಡಚಿಕೊಂಡಿತು.

"ಸಿದ್ದ, ಕರಿ ಇಟ್ಟು ಪೂರ್ತಿ ಬಗ್ಗು. ಸುಮಿಮಾಸೆನ್ ಅನ್ನು."

"ನಾ ಏನ್ ತಪ್ಪ್ ಮಾಡೀನಿ, ಮಾಪಿ ಕೇಳಾಕ?"

"ಹುಟ್ಟಿದ್ದೇ ತಪ್ಪು. ಬಗ್ಗೋದು ನಿನ್ ಕೇರೀಲಿ ಕಲಿಸಿಲ್ವೇನೋ? ನಿನ್ ವೀಸಾ ನನ್ ಕೈಲಿದೆ, ನೆನಪಿರಲಿ."

ಸಿದ್ದಪ್ಪ ಬಿಸಿ ಅನ್ನ, ಕರಿ ತಂದು ಅಭ್ಯರ್ಥಿ ಕೂತಿದ್ದ ಮೇಜಿನ ಮೇಲಿಟ್ಟ. ಬಗ್ಗಲಿಲ್ಲ. ಅಡುಗೆಯ ಸೌಟನ್ನು ಎರಡೂ ಕೈಯಲ್ಲಿ ಹಿಡಿದು ಅಭ್ಯರ್ಥಿಗೆ ಚಾಚಿದ. ತನ್ನ ಹರಕುಮುರುಕು ಜಪಾನಿಯಲ್ಲಿ ಹೇಳಿದ: "ಮೊದಲು ಜಪಾನೀಯರು. ಒಲೆ ಆ ಕಡೆ ಇದೆ. ದಯವಿಟ್ಟು."

ಕ್ಯಾಮೆರಾದವನಿಗೆ ಕಿಸಕ್ಕನೆ ನಗು ಬಂತು. ಅಭ್ಯರ್ಥಿಯ ನಗು ಮಾತ್ರ ಪೋಸ್ಟರಿನಂತೆ ಮುಖಕ್ಕೆ ಅಂಟಿಕೊಂಡೇ ಇತ್ತು, ಸೌಟು ಹಿಡಿಯಲು ಕೈ ಮೇಲೇಳಲಿಲ್ಲ. ಸಿದ್ದಪ್ಪ ಸೌಟು ಪಕ್ಕಕ್ಕಿಟ್ಟ, ಎದುರಿನ ಕುರ್ಚಿ ಎಳೆದು ಕೂತ, ತಟ್ಟೆ ತನ್ನ ಮುಂದೆ ಸರಿಸಿಕೊಂಡು ಕೈಯಲ್ಲೇ ಕಲಸಿದ.

"ಏಳೋ ಸೂಳೆಮಗನೆ!" ಅಶ್ವತ್ಥ ಅವನ ಕೊರಳಪಟ್ಟಿ ಹಿಡಿದ.

ಪಕ್ಕದ ಮೇಜಿನ ಬಾಲಸುಬ್ರಹ್ಮಣ್ಯ ದೋಸೆಯ ತಟ್ಟೆ ಎತ್ತಿಕೊಂಡು ಮೂಲೆಗೆ ಹೋಗಿ ಕೂತರು.

ಸಿದ್ದಪ್ಪ ತುತ್ತು ನುಂಗಿದ. "ಧಣ್ಯಾರ, ಆಮ್ಯಾಲ ಎಲ್ಲಿಗರೆ ಓಡಸ್ರಿ. ಉಣ್ಣೂಮುಂದ ಎಬ್ಬಸಬ್ಯಾಡ್ರಿ."

ಮತ್ತೆ ಅನ್ನಕ್ಕೆ ಕೈ ಹಾಕಿದ.